ಜವಾಬಿಲ್ಲದ ರೆಕಾರ್ಡ್

ನನ್ನ ಅಂಗಡಿಗೆ ಒಂದು ಕಟ್ಟಳೆ ಇದೆ. ರೆಕಾರ್ಡ್ ಕೊಳ್ಳಲು ಬಂದವರು ಕುರ್ಚಿಯ ಮೇಲೆ ಕೂತು ಅದರ ಒಂದು ಮಗ್ಗಲನ್ನಾದರೂ ಪೂರ್ತಿ ಕೇಳಬೇಕು. ಕೇಳುವಷ್ಟು ಪುರುಸೊತ್ತಿಲ್ಲದವರಿಗೆ ನಾನು ಮಾರುವುದಿಲ್ಲ. ಪುಣೆಯಿಂದ ದೊಡ್ಡ ಕಾರಿನಲ್ಲಿ ಬಂದವನೊಬ್ಬ ಒಂದು ಕಟ್ಟು ರೆಕಾರ್ಡ್ ಆರಿಸಿಟ್ಟು, ಗೋಡೆಗೆ ಹಾಕಿದರೆ ಚಂದ ಕಾಣುತ್ತವೆ ಎಂದ. "ಗ್ವಾಡಿಗೆ ಹಾಕಾಕ ಕ್ಯಾಲೆಂಡರ್ ಬೇಕಂದ್ರ ಬಸ್ ಸ್ಟ್ಯಾಂಡ್ ಎದುರಿಗೆ ಸಿಗತಾವ, ಹೋಗ್ರಿ" ಎಂದು ಎಲ್ಲವನ್ನೂ ಮತ್ತೆ ಕಪಾಟಿಗೆ ಸೇರಿಸಿದೆ. ಗಿರಾಕಿಯನ್ನು ಅಟ್ಟಿ ಓಡಿಸುವ ಅಂಗಡಿ ಇಡೀ ಇಂಡಿ ಪಟ್ಟಣದಲ್ಲಿ ಇದೊಂದೇ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಬೈದು ಹೇಳುವುದನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಂಡಿದ್ದೇನೆ.

ಅಂಗಡಿ ಇರುವುದು ನಿಂಬೆಹಣ್ಣಿನ ಬಜಾರಕ್ಕೆ ಹೋಗುವ ಓಣಿಯಲ್ಲಿ. ಬೆಳಿಗ್ಗೆ ಚೀಲಗಳು ಇಳಿಯಲು ಶುರುವಾದರೆ ಮಧ್ಯಾಹ್ನದವರೆಗೂ ಓಣಿ ತುಂಬ ನಿಂಬೆಯ ವಾಸನೆ. ಆ ವಾಸನೆ ರೆಕಾರ್ಡುಗಳ ರಟ್ಟಿನ ಕವರಿಗೂ ಹತ್ತಿದೆ. ದೂರದ ಊರಿಗೆ ಒಯ್ದವರು ತಿಂಗಳಾದ ಮೇಲೂ ಫೋನ್ ಮಾಡಿ, ಕವರು ತೆಗೆದರೆ ಇಂಡಿ ನೆನಪಾಗುತ್ತದೆ ಎನ್ನುತ್ತಾರೆ. ನಾನು ಕ್ಲಾರಿನೆಟ್ ನುಡಿಸುವವನು. ಮದುವೆ ಸುಗ್ಗಿಯಲ್ಲಿ ಬ್ಯಾಂಡಿನ ಜೊತೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ನಾಲ್ಕೂ ತಾಲ್ಲೂಕು ಸುತ್ತುತ್ತೇನೆ. ಸುಗ್ಗಿ ಮುಗಿದ ಮೇಲೆ ಅಂಗಡಿಯಲ್ಲಿ ಕೂರುತ್ತೇನೆ.

ಎಲ್ಲರೂ ತಿಳಿದಿರುವಂತೆ ಇದು ಹಳೆಯ ರೆಕಾರ್ಡ್ ಮಾರುವ ಅಂಗಡಿ. ಆದರೆ ನಾನು ಇದನ್ನು ತೆರೆದದ್ದು ಮಾರಲಿಕ್ಕಲ್ಲ, ಒಂದೇ ಒಂದು ರೆಕಾರ್ಡನ್ನು ಈ ಸೀಮೆಯ ಮನೆಗಳಿಂದ ಹೊರಗೆ ಎಳೆಯಲಿಕ್ಕೆ. ಎಲ್ಲಿ ಕಂಡರೂ ಅದನ್ನು ಕೊಂಡು ತಂದು ಒಳಕೋಣೆಯ ಟ್ರಂಕಿನಲ್ಲಿ ಹಾಕಿ ಮುಚ್ಚುತ್ತಿದ್ದೆ. ಅದರ ಕಥೆ ಹೇಳಬೇಕಾದರೆ ನಮ್ಮಪ್ಪನಿಂದ ಶುರು ಮಾಡಬೇಕು.

ಅಪ್ಪ ಗೀಗೀ ಮೇಳದಲ್ಲಿ ದಪ್ಪು ಬಾರಿಸುತ್ತಿದ್ದ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಹೊರಗಿನವರಿಗಾಗಿ ಎರಡು ಮಾತು. ಈ ಹಾಡಿಕೆಯಲ್ಲಿ ಎರಡು ಪಕ್ಷ. ಗಂಡು ಹೆಚ್ಚು ಎಂದು ವಾದಿಸುವವರು ದಪ್ಪಿಗೆ ತುರಾಯಿ ಕಟ್ಟುತ್ತಾರೆ, ಹೆಣ್ಣು ಹೆಚ್ಚು ಎಂದು ವಾದಿಸುವವರು ಕಲ್ಗಿ ಕಟ್ಟುತ್ತಾರೆ. ಒಬ್ಬರು ಹಾಡಿನಲ್ಲೇ ಸವಾಲು ಹಾಕಬೇಕು, ಎದುರಿನವರು ಹಾಡಿನಲ್ಲೇ ಜವಾಬು ಕೊಡಬೇಕು. ಜವಾಬು ಕೊಡಲಾಗದ ಮೇಳ ತನ್ನ ದಪ್ಪಿನ ಗೊಂಡೆ ಬಿಚ್ಚಿ ಎದುರಾಳಿಯ ಕೈಗೆ ಕೊಡಬೇಕು. ಅಪ್ಪನದು ಕಲ್ಗಿಯ ಮೇಳ. ಮುಂದೆ ನಿಂತು ಹಾಡುತ್ತಿದ್ದವಳು ಸಿಂದಗಿ ತಾಲ್ಲೂಕಿನ ಯಂಕಂಚಿಯವಳು, ನಾನು ದೊಡ್ಡವ್ವ ಎಂದೇ ಕರೆದು ಬೆಳೆದವನು. ನಮ್ಮ ಮನೆಯ ರಮಜಾನ್ ಅವಳು ಬಾರದೆ ಮುಗಿಯುತ್ತಿರಲಿಲ್ಲ, ಅವಳ ಮನೆಯ ಹೋಳಿಗೆ ನಾವು ಹೋಗದೆ ಹಂಚಿನಿಂದ ಇಳಿಯುತ್ತಿರಲಿಲ್ಲ.

ನಾನಿನ್ನೂ ತೊಟ್ಟಿಲಲ್ಲಿದ್ದಾಗ ಬಸವನ ಬಾಗೇವಾಡಿಯ ಒಂದು ಹತ್ತಿ ಜಿನ್ನಿನ ಅಂಗಳದಲ್ಲಿ ಎರಡೂ ಮೇಳ ಎದುರಾದವು. ತುರಾಯಿಯ ಕಡೆ ಹಾಡುವವನು ಮುದ್ದೇಬಿಹಾಳದವನು, ಆಗಿನ ಕಾಲಕ್ಕೆ ಕಂಚಿನ ಕಂಠದವನು. ಮುಂಬೈಯಿಂದ ಒಂದು ರೆಕಾರ್ಡ್ ಕಂಪನಿಯ ಮನುಷ್ಯ ಯಂತ್ರ ಹೊತ್ತು ಬಂದಿದ್ದ. ಅವನಿಗೆ ಕನ್ನಡವೂ ಬಾರದು, ಈ ಹಾಡಿಕೆಯ ರೀತಿಯೂ ತಿಳಿಯದು. ನಮ್ಮ ಮಂದಿಯದೋ ಒಂದು ರೂಢಿ: ಸವಾಲು ಕಠಿಣವಾಗಿದ್ದರೆ ಜವಾಬು ಬರುವ ಮೊದಲೇ ಎದ್ದು ನಿಂತು ಕೇಕೆ ಹಾಕಿ, ಶಿಳ್ಳೆ ಹೊಡೆದು ಮುಗಿಲು ಹರಿಯುವಂತೆ ಮಾಡುತ್ತಾರೆ. ಅಂದೂ ಹಾಗೇ ಆಯಿತು. ಕೇಕೆ ಕೇಳಿದ ಆ ಮನುಷ್ಯ ಹಾಡು ಮುಗಿಯಿತು ಎಂದುಕೊಂಡು ಯಂತ್ರ ನಿಲ್ಲಿಸಿ ಗಂಟು ಕಟ್ಟಿದ.

ದೊಡ್ಡವ್ವ ಜವಾಬು ಹಾಡಿದಳು. ಹಾಡಿದಳೆಂದು ಅಪ್ಪ ಹೇಳುತ್ತಿದ್ದ. ಆದರೆ ರೆಕಾರ್ಡ್ ಬಂದಾಗ ಅದರಲ್ಲಿ ಇದ್ದದ್ದು ಸವಾಲು, ಆಮೇಲೆ ಕೇಕೆ, ಆಮೇಲೆ ಬರೀ ಕರಕರ. ಇನ್ನೊಂದು ಮಗ್ಗಲಿಗೆ ತುರಾಯಿಯವರದೇ ಬೇರೊಂದು ಹಾಡು. ಊರೂರಿನ ಚಹಾದ ಹೋಟೆಲಿನಲ್ಲಿ, ಮದುವೆ ಹಂದರದಲ್ಲಿ, ಕಿರಾಣಿ ಅಂಗಡಿಯಲ್ಲಿ ಅದೇ ಕೂಗಿತು. ಕಲ್ಗಿಯವರ ಹತ್ತಿರ ಜವಾಬಿರಲಿಲ್ಲ ಎಂದು ಜನ ನಕ್ಕರು. ಜಿನ್ನಿನ ಅಂಗಳದಲ್ಲಿ ಕೂತು ಕಿವಿಯಾರೆ ಕೇಳಿ ಬಂದವರೂ ಕ್ರಮೇಣ ತಮ್ಮ ಕಿವಿಗಿಂತ ರೆಕಾರ್ಡನ್ನು ಹೆಚ್ಚು ನಂಬಿದರು. ದೊಡ್ಡವ್ವ ಬೇರೆ ಊರುಗಳಲ್ಲಿ ಆ ಜವಾಬನ್ನು ಹಾಡಲು ಹೋದರೆ, "ರೆಕಾರ್ಡಿನ್ಯಾಗ ಇಲ್ಲಲ್ಲಬೇ, ಮನಿಗೆ ಹೋಗಿ ಕಟ್ಟಿಕೊಂಡು ಬಂದಿಯೇನು?" ಎಂದು ಕೂಗಿದರು. ಅವಳು ಸಿಟ್ಟಿನಿಂದ ಆ ಹಾಡನ್ನು ಬಿಟ್ಟಳು. ಕೆಲವು ವರ್ಷಗಳಲ್ಲಿ ಮೇಳವನ್ನೂ ಬಿಟ್ಟಳು.

ಸಿಂದಗಿಯಲ್ಲಿ ಅಪ್ಪ ಸಂತೆಗೆ ಹೋದಾಗ ಚಹಾ ಕುಡಿಯುವ ಹೋಟೆಲ್ ಒಂದಿತ್ತು. ಅಪ್ಪ ಒಳಗೆ ಕಾಲಿಟ್ಟರೆ ಸಾಕು, ಮಾಲೀಕ ನಗುತ್ತ ಆ ರೆಕಾರ್ಡನ್ನು ಹಾಕುತ್ತಿದ್ದ. ನಾನು ಜೊತೆಗಿದ್ದಾಗಲೆಲ್ಲ ಕಂಡಿದ್ದೇನೆ. ಅಪ್ಪ ಎದ್ದು ಹೋಗುತ್ತಿರಲಿಲ್ಲ. ಸವಾಲು ಮುಗಿದು, ಕೇಕೆ ಮುಗಿದು, ಮುಳ್ಳು ಎತ್ತುವ ತನಕ ಕಪ್ಪನ್ನು ಕೈಯಲ್ಲೇ ಹಿಡಿದು ಕೂತಿರುತ್ತಿದ್ದ. ಆಮೇಲೆ ಅದನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು ಹೊರಡುತ್ತಿದ್ದ. ಆ ಜವಾಬು ಏನಿತ್ತು ಎಂದು ನಾನು ಎಷ್ಟು ಸಲ ಕೇಳಿದರೂ, "ಹಾಡು ಆಕಿದು, ನಾ ಬರೇ ದಪ್ಪಿನವ. ಆಕಿ ಬಾಯಿಂದನ ಕೇಳು" ಎಂದಷ್ಟೇ ಹೇಳುತ್ತಿದ್ದ. ದಪ್ಪಿನ ಕಲ್ಗಿಯನ್ನು ಮಾತ್ರ ಸಾಯುವ ತನಕ ಬಿಚ್ಚಲಿಲ್ಲ. ಈಗ ಆ ದಪ್ಪು ನನ್ನ ಅಂಗಡಿಯ ಗೋಡೆಯ ಮೇಲಿದೆ. ಹಳಬರು ಬಂದರೆ ಅದರ ಕಡೆ ನೋಡಿ ತುಟಿಯಲ್ಲೇ ನಗುತ್ತಿದ್ದರು. ಆ ನಗೆ ಕಂಡರೆ ನನ್ನ ಮೈ ಉರಿಯುತ್ತಿತ್ತು.

ಅದಕ್ಕೇ ನಾನು ಆ ರೆಕಾರ್ಡಿನ ಬೆನ್ನು ಹತ್ತಿದ್ದು. ಬ್ಯಾಂಡಿನವನಾದ್ದರಿಂದ ಯಾರ ಮನೆಯ ಅಟ್ಟದ ಮೇಲೆ ಏನಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಲಚ್ಯಾಣದಲ್ಲಿ ವರನ ಮೆರವಣಿಗೆ ನಿಲ್ಲಿಸಿ ಒಂದನ್ನು ಇಳಿಸಿಕೊಂಡು ಬಂದೆ. ಹಲಸಂಗಿಯಲ್ಲಿ ಮೂರು ಟೇಪು ಕೊಟ್ಟು ಒಂದು ತಂದೆ. ಸಿಂದಗಿಯ ಹೋಟೆಲಿನದನ್ನು ಮಾಲೀಕ ತೀರಿಕೊಂಡ ಮೇಲೆ ಅವನ ಮಗನ ಹತ್ತಿರ ಕೇಳಿ ಪಡೆದೆ. ಟ್ರಂಕು ತುಂಬುತ್ತ ಬಂತು. ಇನ್ನು ಯಾರ ಮನೆಯಲ್ಲೂ ಉಳಿದಿಲ್ಲ, ಗೆದ್ದೆ ಎಂದು ಬೀಗುತ್ತಿದ್ದಾಗ ಒಂದು ಬೆಳಿಗ್ಗೆ ನಿಂಬೆ ಚೀಲ ತುಂಬಿದ ಆಟೊ ಒಂದು ಅಂಗಡಿಯ ಮುಂದೆ ನಿಂತಿತು. ಅದರೊಳಗಿಂದ ಅದೇ ಸವಾಲು, ಅದೇ ಕೇಕೆ! ಯಾರೋ ಪುಣ್ಯಾತ್ಮ ಅದನ್ನು ಮೊಬೈಲಿಗೆ ಏರಿಸಿದ್ದ. ಕೆಳಗೆ 'ಜವಾಬಿಲ್ಲದ ಸವಾಲು' ಎಂದು ಬೇರೆ ಬರೆದಿದ್ದ.

ಆಟೊದವನ ಮೇಲೆ ಹರಿಹಾಯ್ದೆ. ಅವನಿಗೆ ತಲೆಬುಡ ತಿಳಿಯಲಿಲ್ಲ ಪಾಪ. "ಚಲೋ ಹಾಡು ಐತಿ ಅಂತ ಹಚ್ಚೇನ್ರಿ ಕಾಕಾ" ಎಂದ. ಅವನು ಹೋದ ಮೇಲೆ ಟ್ರಂಕಿನ ಮುಂದೆ ಕೂತೆ. ಗಾಳಿಯನ್ನು ಟ್ರಂಕಿನಲ್ಲಿ ಮುಚ್ಚಿಡಲಾಗದು ಎಂದು ಅಂದು ನನಗೆ ಹೊಳೆಯಿತು. ಸವಾಲನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಜವಾಬನ್ನು ಹೊರಗೆ ತರಬೇಕು. ದೊಡ್ಡವ್ವನಿಗೆ ವಯಸ್ಸಾಗಿತ್ತು. ಅವಳ ಜೊತೆ ಅದೂ ಹೋದರೆ ರೆಕಾರ್ಡ್ ಹೇಳಿದ್ದೇ ಕಾಯಂ ಆಗುತ್ತದೆ. ಆ ಹೆದರಿಕೆಗೆ ಗಾಡಿ ತೆಗೆದು ಸೀದಾ ಯಂಕಂಚಿಗೆ ಹೊರಟೆ.

ದೊಡ್ಡವ್ವ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಬೆನ್ನು ಬಾಗಿದೆ, ಮಾತು ಮಾತ್ರ ನೆಟ್ಟಗೇ ಇದೆ.

"ದೊಡ್ಡವ್ವಾ, ಆ ಜವಾಬ ಒಮ್ಮಿ ಹಾಡು. ಯಂತ್ರ ತಂದೇನಿ. ತುಂಬಿಕೊಂಡು ಹೋಗ್ತೇನಿ."

"ಯಂತ್ರಕ್ಕ ನಾ ಯಾಕ ಜವಾಬ ಹೇಳ್ಲಿ? ಅದು ನನ್ನ ಏನರ ಕೇಳೇತೇನು?"

"ಮಂದಿಗೆ ಖರೇ ತಿಳೀಬೇಕು."

"ಮಂದಿಗೆ ಹಾಡಿ ಸಾಕಾಗೇತಿ. ಕೇಳಿದಾಂವ ಮುಂದ ಬಂದು ನಿಂತು ಕೇಳ್ಲಿ. ಕೇಳಿದ್ರ ಹೇಳ್ತೇನಿ. ಕೇಳದ ಹೇಳಿದ್ರ ಅದು ಜವಾಬಲ್ಲ, ಗೋಗರ್ಯೂದು."

ನಾನು ಎಷ್ಟು ಒದರಾಡಿದರೂ ಅವಳು ಮೆಣಸಿನಕಾಯಿಯಿಂದ ಕಣ್ಣೆತ್ತಲಿಲ್ಲ. ಹೊರಡುವಾಗ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಸಿಟ್ಟಿನಲ್ಲಿದ್ದರೂ ದಾರಿಯಲ್ಲೇ ಎಲ್ಲ ತಿಂದೆ.

ಮರುದಿನ ಮುದ್ದೇಬಿಹಾಳಕ್ಕೆ ಹೋದೆ. ತುರಾಯಿಯ ಹಾಡುಗಾರನಿಗೂ ಮುಪ್ಪು ಹತ್ತಿತ್ತು. ಅವರ ಪಡಸಾಲೆಯಲ್ಲಿ ಆ ರೆಕಾರ್ಡನ್ನು ಗಾಜಿನ ಚೌಕಟ್ಟಿನಲ್ಲಿ ಕೂರಿಸಿ ಹಾರ ಹಾಕಿದ್ದರು. ಸುತ್ತಲೂ ಅವರು ಶಾಲು ಹೊದಿಸಿಕೊಳ್ಳುತ್ತಿರುವ ಫೋಟೊಗಳು. ಚಹಾ ಬರುವ ಮೊದಲೇ ಕೇಳಿದೆ.

"ಕಾಕಾರ, ಅವತ್ತ ಬಾಗೇವಾಡ್ಯಾಗ ಜವಾಬ ಬಂದಿತ್ತೋ ಇಲ್ಲೋ?"

ಮುದುಕ ಒಳಗಿನ ಬಾಗಿಲ ಕಡೆ ನೋಡಿದರು. ಅಲ್ಲಿ ಸೊಸೆ ಇರಬೇಕು. ದನಿ ತಗ್ಗಿಸಿ ಹೇಳಿದರು: "ಬಂದಿತ್ತು. ಬಂದಿತ್ತಂದ್ರ ಎಂಥಾದ್ದು! ನನ್ನ ಬಾಯಿನ ಕಟ್ಟಿ ಹೋತು. ಬೆಳಕು ಹರದು ಮಂದಿ ಎದ್ದರಂತ ತುರಾಯಿ ಉಳೀತು."

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲರಿ?"

"ಯಾರು ಕೇಳ್ಯಾರ? ಎಲ್ಲಾರೂ ಬಂದು ಶಾಲು ಹೊದಿಸಿದ್ರು. ಶಾಲು ಹೊದಿಸಾಕ ಬಂದವರ ಮುಂದ, ತಡೀರಿ, ನಾ ಸೋತೇನಿ ಅನ್ನಾಕ ಬರತೈತೇನು?"

ನಾನು ಎದ್ದು ನಿಂತೆ. ಇನ್ನೊಂದು ಕ್ಷಣ ಕೂತಿದ್ದರೆ ಆ ಗಾಜಿನ ಚೌಕಟ್ಟು ಉಳಿಯುತ್ತಿರಲಿಲ್ಲ. ಮುದುಕ ನನ್ನ ಕೈ ಹಿಡಿದು ಜಗ್ಗಿ ಕೂರಿಸಿದರು. ಆ ವಯಸ್ಸಿಗೂ ಹಿಡಿತ ಗಟ್ಟಿ.

"ಕೂಡು, ಇನ್ನೂ ಮಾತು ಮುಗದಿಲ್ಲ. ಆಕಿ ಜವಾಬಿಗೆ ನನ್ನ ಹಂತ್ಯಾಕ ಎದುರು ಸವಾಲು ಐತಿ. ಕಟ್ಟಾಕ ನನಗ ಎಷ್ಟೋ ವರ್ಷ ಹಿಡೀತು. ಕಟ್ಟಿ ಕುಂತೇನಿ, ಯಾರ ಮುಂದ ಹಾಡ್ಲಿ? ಜವಾಬ ಬಂದೇ ಇಲ್ಲಂತ ಊರೆಲ್ಲಾ ಅಂದ ಮ್ಯಾಲ, ಇಲ್ಲದ ಜವಾಬಿಗೆ ಎದುರು ಹಾಡೂದು ಹೆಂಗ? ನಾ ಚಲೋ ಹಾಡು ಹೊಟ್ಟ್ಯಾಗ ಇಟ್ಟುಕೊಂಡು ಸಾಯಬೇಕೇನು?"

ನನಗೆ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ರೆಕಾರ್ಡ್ ದೊಡ್ಡವ್ವನ ಬಾಯಿಯನ್ನಷ್ಟೇ ಅಲ್ಲ, ಈ ಮನುಷ್ಯನ ಬಾಯಿಯನ್ನೂ ಮುಚ್ಚಿಸಿತ್ತು. ಗೆಲುವಿನ ಶಾಲುಗಳ ನಡುವೆ ಕೂತು ಅವರು ಆಕೆಯ ಜವಾಬಿಗಾಗಿ ಹಂಬಲಿಸುತ್ತಿದ್ದರು. ಚಹಾ ಬಂತು. ಎರಡು ಕಪ್ಪು ಕುಡಿದೆ.

ಸವಾಲು ಹಾಕಿದವರೇ ಮುಂದೆ ಬಂದು ಕೇಳುತ್ತಾರೆ ಎಂದೊಡನೆ ದೊಡ್ಡವ್ವ ಒಪ್ಪಿದಳು. ಅಂಗಡಿಯಲ್ಲೇ ಹಾಡಿಕೆ ಇಟ್ಟೆ, ಬೆಳಗಿನ ಹೊತ್ತಿಗೆ. ಕೂತು ಕೇಳುವ ಕುರ್ಚಿಗೆ ಜೊತೆಯಾಗಿ ಇನ್ನೊಂದು ಕುರ್ಚಿ ತಂದು ಎದುರುಬದುರು ಹಾಕಿದೆ, ನಡುವೆ ಮೈಕು. ಅಪ್ಪನ ದಪ್ಪನ್ನು ಗೋಡೆಯಿಂದ ಇಳಿಸಿ, ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿಕೊಂಡೆ. ಬಾರಿಸುವವನು ನಾನೇ, ಕಲಿಸಿದವನು ಅಪ್ಪ. ಸುದ್ದಿ ಹೇಗೆ ಹಬ್ಬಿತೋ, ಬಜಾರದಲ್ಲಿ ತೂಕ ನಿಂತುಹೋಯಿತು. ಹಮಾಲರು, ವ್ಯಾಪಾರಸ್ಥರು, ನಿಂಬೆ ತಂದ ಹೆಣ್ಣುಮಕ್ಕಳು ಓಣಿಯಲ್ಲಿ ಚೀಲಗಳ ಮೇಲೆ ಕೂತರು. ಆ ಆಟೊದವನೂ ಬಂದಿದ್ದ.

ಮುದುಕ ಮಗನ ಭುಜ ಹಿಡಿದು ತಮ್ಮ ತುರಾಯಿ ಕಟ್ಟಿದ ದಪ್ಪಿನ ಸಮೇತ ಬಂದರು. ದೊಡ್ಡವ್ವ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇನ್ನೂ ಅದಿಯೇನೋ?"

"ನಿನ್ನ ಸೋಲಿಸದ ಹೋಗಾಂಗಿಲ್ಲ ತಂಗಿ."

"ಹಂಗಾರ ಭಾಳ ದಿನಾ ಬಾಳತಿ ಬಿಡು."

ಹಾಡು ಶುರುವಾಯಿತು. ಕಂಚಿನ ಕಂಠ ಈಗ ಒಡಕಾಗಿತ್ತು, ಆದರೆ ಸ್ವರ ಜಾಗ ತಪ್ಪಲಿಲ್ಲ.

ಭೂಮಿ ಇರದಾಗ ಬಾನು ಇರದಾಗ
ಬರಿ ಬಯಲಿನ್ಯಾಗ ನಾದ ಹುಟ್ಟಿತ್ತ…

ಮೂರನೆಯ ಸಾಲಿಗೆ ಬಂದು ತಡವರಿಸಿದರು. ಮತ್ತೆ ಹಿಂದಿನಿಂದ ಹಿಡಿದರು, ಮತ್ತೆ ಅಲ್ಲೇ ನಿಂತರು. ಇಡೀ ಸೀಮೆ ಬಾಯಿಪಾಠ ಮಾಡಿದ ಸವಾಲು, ಹಾಡಿದವನಿಗೇ ಮರೆತಿತ್ತು! ದೊಡ್ಡವ್ವ ಕುರ್ಚಿಯಲ್ಲಿ ಕೂತಲ್ಲಿಂದಲೇ ಎತ್ತಿಕೊಟ್ಟಳು: "'ನುಡಿಸಿದಾತ ಗಂಡು' ಅನ್ನೋ. ನಿನ್ನ ಸವಾಲೂ ನಾನ ನೆನಪಿಟಗೋಬೇಕೇನು?" ಓಣಿಯೆಲ್ಲ ನಕ್ಕಿತು. ಮುದುಕರೂ ನಕ್ಕು ಮುಂದುವರಿದರು.

ನುಡಿಸಿದಾತ ಗಂಡು, ನಾದ ಅವನ ಉಸಿರು
ಹೆಣ್ಣಿನ ಪಾಲು ಅದರಾಗ ಏನಿತ್ತ?

ಕೇಕೆ ಎದ್ದಿತು. ಅದೇ ಕೇಕೆ. ನನ್ನ ಬದುಕಿನುದ್ದಕ್ಕೂ ಈ ಜಾಗದಲ್ಲಿ ಮುಳ್ಳು ಎದ್ದುಬಿಡುತ್ತಿತ್ತು, ಆಚೆ ಏನಿದೆ ಎಂದು ನಾನು ಕೇಳಿರಲಿಲ್ಲ. ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. ಬೆನ್ನಿನ ಬಾಗು ಎಲ್ಲಿ ಹೋಯಿತೋ ದೇವರೇ ಬಲ್ಲ.

ನುಡಿಸಿದಾತ ಗಂಡಾದ್ರ ಆಗಲಿ ಬಿಡೋ
ಕೇಳಿದಾಕಿ ಯಾರಂತ ಕೇಳಿದೇನ?
ಕೇಳೂ ಕಿವಿ ಇರದಿದ್ರ ಆ ಬಯಲಿನ್ಯಾಗ
ನಾದಕ್ಕ ನಾದಂತ ಹೆಸರಿತ್ತೇನ?

ಇದಕ್ಕೇ ಅಪ್ಪ ಕಲ್ಗಿ ಬಿಚ್ಚಿರಲಿಲ್ಲ. ನನ್ನ ಕಣ್ಣು ತುಂಬಿತು, ಮುಚ್ಚಿಡಲಿಲ್ಲ. ದಪ್ಪನ್ನು ಎಷ್ಟು ಜೋರಾಗಿ ಬಾರಿಸಿದೆನೆಂದರೆ ಕಪಾಟಿನ ರೆಕಾರ್ಡುಗಳು ಗದಗುಟ್ಟಿದವು. ಆದರೆ ಮುದುಕರು ಕೈ ಎತ್ತಿದರು. ಅವರ ಬಹುಕಾಲದ ಗಂಟು ಈಗ ಬಿಚ್ಚುವುದಿತ್ತು.

ಕೇಳಿದಾಕಿ ನೀನಾದ್ರ ಆಗು ತಂಗಿ
ಕೇಳಿ ಸುಮ್ಮನ ಕುಂತ್ರ ಸಾಕ್ಷಿ ಯಾರ?
ಬಾಯಿ ಬಿಡದಾಕಿ ಕೇಳಿದ್ದು ಖರೇ ಅಂತ
ಈ ಲೋಕದಾಗ ನಂಬಾಂವ ಯಾರ?

ಯಾರೂ ಕೇಕೆ ಹಾಕಲಿಲ್ಲ. ಆ ಮಾತು ಎಲ್ಲಿಗೆ ತಾಗಿತು ಎಂದು ಓಣಿಯಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ನಲವತ್ತಕ್ಕೂ ಹೆಚ್ಚು ವರ್ಷ ಬಾಯಿ ಬಿಡದೆ ಕೂತವಳು ಎದುರಿಗೇ ನಿಂತಿದ್ದಳು. ಈ ಸವಾಲಿಗೆ ಅವಳ ಹತ್ತಿರ ಕಟ್ಟಿಟ್ಟ ಜವಾಬಿರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಒಂದು ಸೋಲನ್ನು ಅಳಿಸಲು ಹೋಗಿ, ಇನ್ನೊಂದನ್ನು ನಾನೇ ಕರೆದು ತಂದೆನಲ್ಲ ಎನಿಸಿತು. ಯಂತ್ರ ತಿರುಗುತ್ತಲೇ ಇತ್ತು. ನಿಲ್ಲಿಸಲೇ ಎಂದು ಕಣ್ಣಲ್ಲೇ ಕೇಳಿದೆ. ದೊಡ್ಡವ್ವ ನನ್ನ ಕಡೆ ನೋಡದೆ, "ದಪ್ಪು ಬಿಡಬ್ಯಾಡ" ಎಂದಳು. ನಾನು ಬಾರಿಸುತ್ತ ಹೋದೆ. ತಾಳ ಸುತ್ತಿ ಸುತ್ತಿ ಬಂತು. ಆಮೇಲೆ ಅವಳ ಮುಖದಲ್ಲಿ ಒಂದು ನಗೆ ಹುಟ್ಟಿತು, ಮಗುವಿನ ಕಳ್ಳತನ ಹಿಡಿದ ತಾಯಿಯ ನಗೆ.

ಬಸಿರಾದಾಕಿ ಸುಮ್ಮನ ಇರತಾಳೋ ಜಾಣಾ
ದಿನ ತುಂಬೂತನಕ ಹೇಳಾಂಗಿಲ್ಲ
ಹುಟ್ಟಿ ನೀ ಅತ್ತದ್ದು ನಿನ್ನ ಮೊದಲಿನ ನಾದ
ಅದನ ಮೊದಲ ಕೇಳಿದಾಂವ ಗಂಡಸಲ್ಲ!

ಕೇಕೆಗೆ ಓಣಿಯೇ ಹರಿದು ಹೋಯಿತು. ಹೆಣ್ಣುಮಕ್ಕಳು ಎದ್ದು ಚಪ್ಪಾಳೆ ತಟ್ಟಿದರು. ಹಮಾಲನೊಬ್ಬ ಚೀಲಕ್ಕೆ ಕೈ ಹಾಕಿ ನಿಂಬೆಹಣ್ಣುಗಳನ್ನು ಮೇಲಕ್ಕೆ ತೂರಿದ, ಉಳಿದವರೂ ತೂರಿದರು, ಅಂಗಡಿಯೊಳಗೆಲ್ಲ ಹಳದಿ ಹಣ್ಣುಗಳು ಉರುಳಾಡಿದವು. ನಾನು ಯಂತ್ರವನ್ನು ನಿಲ್ಲಿಸಲಿಲ್ಲ. ಕೇಕೆ ತಾನಾಗಿ ತಣ್ಣಗಾಗಿ, ಯಾರೋ ಕೆಮ್ಮಿ, ಮುದುಕರು "ಮುಗೀತು, ಸೋತೆ" ಎನ್ನುವ ತನಕ ಎಲ್ಲವನ್ನೂ ತುಂಬಿಸಿಕೊಂಡೆ. ಅವರು ತಮ್ಮ ದಪ್ಪಿನ ತುರಾಯಿ ಬಿಚ್ಚಿ ನೀಡಿದರು. ಮುಖದಲ್ಲಿ ಬೇಸರ ಇರಲಿಲ್ಲ, ಭಾರ ಇಳಿಸಿದವರ ಹಗುರ ಇತ್ತು. ದೊಡ್ಡವ್ವ ಬ್ಯಾಡ ಬಿಡು ಎಂದು ದೊಡ್ಡತನ ತೋರಿಸುವ ಪೈಕಿಯವಳಲ್ಲ. ತಕ್ಷಣ ಕೈಚಾಚಿ ತೆಗೆದುಕೊಂಡು, ಅಪ್ಪನ ದಪ್ಪಿಗೆ ಕಲ್ಗಿಯ ಪಕ್ಕದಲ್ಲೇ ಎರಡೆರಡು ಗಂಟು ಹಾಕಿ ಬಿಗಿದಳು.

"ನಿಮ್ಮಪ್ಪ ಇದ್ದಿದ್ರ ಇನ್ನೂ ಜೋರಲೇ ಬಾರಸ್ತಿದ್ದ" ಎಂದಳು. ಅವಳಿಂದ ನನಗೆ ಸಿಕ್ಕ ಶಹಬ್ಬಾಸ್‌ಗಿರಿ ಅಷ್ಟೇ.

ಪುಣೆಯ ಗೆಳೆಯನೊಬ್ಬ ಅದನ್ನು ರೆಕಾರ್ಡಿಗೆ ಇಳಿಸಿಕೊಟ್ಟ. ಒಂದು ಮಗ್ಗಲಿಗೆ ದೊಡ್ಡವ್ವನ ಜವಾಬು, ತಿರುವಿ ಹಾಕಿದರೆ ಮುದುಕರ ಎದುರು ಸವಾಲು ಮತ್ತು ಅದರ ಜವಾಬು. ನಾನು ಟ್ರಂಕು ತೆರೆದೆ. ಮುಚ್ಚಿಟ್ಟ ಹಳೆಯ ರೆಕಾರ್ಡುಗಳನ್ನೆಲ್ಲ ಒರೆಸಿ, ಒಂದೊಂದರ ಜೊತೆ ಹೊಸದೊಂದನ್ನು ಇಟ್ಟು, ಬಂದ ಬಂದ ಊರಿಗೇ ವಾಪಸು ಕಳಿಸಿದೆ. ಲಚ್ಯಾಣಕ್ಕೆ, ಹಲಸಂಗಿಗೆ, ಎಲ್ಲ ಕಡೆಗೆ. ಮುದ್ದೇಬಿಹಾಳದ ಗಾಜಿನ ಚೌಕಟ್ಟಿನಲ್ಲಿ ಈಗ ಎರಡೂ ಪಕ್ಕಪಕ್ಕ ಇವೆ. ಮೊಬೈಲಿಗೆ ಏರಿಸುವ ಕೆಲಸವನ್ನು ಆಟೊದವನೇ ವಹಿಸಿಕೊಂಡ. ಜವಾಬನ್ನು ಬಿಟ್ಟು ಬರೀ ಸವಾಲನ್ನು ಯಾರು ಕೇಳಿದರೂ ನನ್ನ ಅಂಗಡಿಯಲ್ಲಿ ಸಿಗುವುದಿಲ್ಲ.

ಸಿಂದಗಿಗೆ ಮಾತ್ರ ನಾನೇ ಹೋದೆ. ಹೋಟೆಲಿನಲ್ಲಿ ಹಳೆಯ ಮಾಲೀಕನ ಮಗ ಗಲ್ಲೆಯ ಮೇಲಿದ್ದ, ಹಳಬರು ಅದೇ ಮೇಜುಗಳ ಸುತ್ತ ಇದ್ದರು. ಜೊತೆಗೆ ಒಯ್ದ ಸಣ್ಣ ಯಂತ್ರವನ್ನು ಮೇಜಿನ ಮೇಲಿಟ್ಟು ಹಳೆಯದನ್ನು ಹಾಕಿದೆ. ಸವಾಲು ಬಂತು, ಕೇಕೆ ಬಂತು, ಕರಕರ ಬಂತು. ಹಳಬರು ಒಬ್ಬರನ್ನೊಬ್ಬರು ನೋಡಿ ತುಟಿಯಲ್ಲೇ ನಕ್ಕರು. "ನಗೂದು ಮುಗೀತಾ?" ಎಂದು ಕೇಳಿ ಹೊಸದನ್ನು ಹಾಕಿದೆ. ದೊಡ್ಡವ್ವನ ದನಿ ಎದ್ದಿತು. ನಾನು ಚಹಾ ತರಿಸಿಕೊಂಡು ಅಪ್ಪ ಕೂರುತ್ತಿದ್ದ ಕಡೆ ಕೂತೆ. ಮಗ್ಗಲು ತಿರುವಿ ಹಾಕಿದೆ. ಹಳಬರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಕೊನೆಯ ಜವಾಬು ಮುಗಿದು, ಕೇಕೆ ಮುಗಿದು, "ಸೋತೆ" ಎಂಬ ಮಾತು ಕೇಳಿ, ಮುಳ್ಳು ತಾನಾಗಿ ಎದ್ದಿತು. ಆಗ ನಾನು ಖಾಲಿ ಕಪ್ಪನ್ನು ಮೇಜಿನ ಮೇಲೆ ಇಟ್ಟೆ, ಇಡೀ ಹೋಟೆಲಿಗೆ ಕೇಳುವಂತೆ.